ಜೋಗುಳದ ನಡುವೆ ಒಂದು ಉಸಿರು

ಮೊನ್ನೆ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಒಬ್ಬ ಬೊಂಬೆ ಮಾರುತ್ತಿದ್ದ. ಪ್ಲಾಸ್ಟಿಕ್ ಹಾಳೆ ಹಾಸಿ, ಕಂದು ಬಣ್ಣದ ನೀರುನಾಯಿಗಳನ್ನು ಸಾಲಾಗಿ ಅಂಗಾತ ಮಲಗಿಸಿದ್ದ. ಹೊಟ್ಟೆ ಒತ್ತಿದರೆ ಹಾಡುತ್ತವೆ. ನಾನು ಕೇಳದಿದ್ದರೂ ಒಂದರ ಹೊಟ್ಟೆ ಒತ್ತಿ ನನ್ನ ಮುಖದ ಹತ್ತಿರ ಹಿಡಿದ.

"ತಗೊಳ್ಳಿ ಅಮ್ಮ, ಮೊಮ್ಮಕ್ಕಳಿಗೆ. ಸಿನಿಮಾದೇ ಹಾಡು, ಒರಿಜಿನಲ್ಲು."

ಒರಿಜಿನಲ್! ಆ ಮಾತು ಕೇಳಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ಬಿಸಿಲಲ್ಲಿ ಕೂತು ಬೊಂಬೆ ಮಾರುವವನಿಗೆ ಏನು ಗೊತ್ತು, ಅವನನ್ನು ಬೈದು ಏನು ಬಂತು. "ಬೇಡಪ್ಪ" ಎಂದು ರೇಲಿಂಗ್ ಹಿಡಿದು ಮೇಲೆ ಹತ್ತಿದೆ. ಟ್ರೈನಿನಲ್ಲಿ ಕೂತ ಮೇಲೂ ಸಿಟ್ಟು ಇಳಿಯಲಿಲ್ಲ. ಅದು ವಯಸ್ಸಿನ ಸಿಡುಕು ಅಲ್ಲ. ಐ ನೋ ದ ಡಿಫರೆನ್ಸ್.

ಹೋದ ವರ್ಷದ ಮಳೆಗಾಲದಲ್ಲಿ ಶುರುವಾಗಿದ್ದು ಅದು. ನನ್ನ ಮಗಳು ವಿದ್ಯಾ ದಾಸರಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಮ್ಯೂಸಿಕ್ ಟೀಚರ್. ಬಿಡುವಿದ್ದಾಗ ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡುತ್ತಾಳೆ. ಟ್ರ್ಯಾಕ್ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಿನಿಮಾದ ಹಾಡನ್ನು ಮೊದಲು ಯಾರೋ ಒಬ್ಬರು ಹಾಡಿ ಕೊಡಬೇಕು. ಅದನ್ನು ಕೇಳಿಸಿಕೊಂಡು ದೊಡ್ಡ ಗಾಯಕರು ಕಲಿತು, ಬಂದು ಹಾಡಿಹೋಗುತ್ತಾರೆ. ಮೊದಲು ಹಾಡಿದವರದ್ದನ್ನು ಅಳಿಸುತ್ತಾರೆ. ಮದುವೆ ಮನೆಯಲ್ಲಿ ಹೆಣ್ಣು ಬರುವ ತನಕ ಬೇರೆ ಯಾರನ್ನೋ ಹಸೆಮಣೆಯ ಮೇಲೆ ಕೂರಿಸಿ ಫೋಟೋದವನು ಲೈಟ್ ಸರಿಮಾಡಿಕೊಳ್ಳುತ್ತಾನಲ್ಲ, ಹಾಗೆ. ವಿದ್ಯಾ ವರ್ಷಗಟ್ಟಲೆ ಹಾಗೆ ಕೂತು ಎದ್ದು ಬಂದವಳು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವಳು ಮಾತ್ರ "ಅಮ್ಮ, ಎಲ್ಲರೂ ಇಲ್ಲಿಂದಲೇ ಶುರು ಮಾಡೋದು" ಅನ್ನುತ್ತಿದ್ದಳು. ನಲವತ್ತು ದಾಟಿದ ಮೇಲೂ ಶುರುವೇ!

ಆ ಸಲ ಬಂದಿದ್ದು ಬೇರೆ ದೇಶದ ಒಂದು ಕಾರ್ಟೂನ್ ಸಿನಿಮಾ, ಕನ್ನಡಕ್ಕೆ ಡಬ್ ಆಗುತ್ತಿತ್ತು. ಒಂದು ತಾಯಿ ನೀರುನಾಯಿ, ಅದರ ಮರಿ, ಮಧ್ಯೆ ಬರುವ ನೆರೆ. ನೀರುನಾಯಿಗಳು ನಿದ್ದೆ ಮಾಡುವಾಗ ತೇಲಿಹೋಗದ ಹಾಗೆ ಒಂದರ ಕೈ ಒಂದು ಹಿಡಿದುಕೊಳ್ಳುತ್ತವಂತೆ. ಅದನ್ನೇ ಇಟ್ಟುಕೊಂಡು ಒಂದು ಜೋಗುಳ. ಕನ್ನಡದ ಮಾತು ಚೆನ್ನಾಗಿಯೇ ಬರೆದಿದ್ದರು:

ನೀರ ಮೇಲೆ ಮಲಗು ಕಂದ,
ನನ್ನ ಕೈಯ ಬಿಡಬೇಡ.

ಜೂನ್ ತಿಂಗಳಿಡೀ ನಮ್ಮ ಫ್ಲಾಟಿನಲ್ಲಿ ಇದೇ ಹಾಡು. ಹೊರಗೆ ತುಮಕೂರು ರಸ್ತೆಯ ಲಾರಿಗಳು ಮೊಣಕಾಲುದ್ದ ನೀರು ಎರಚಿಕೊಂಡು ಹೋಗುತ್ತಿದ್ದವು. ಒಳಗೆ ಬಟ್ಟೆ ಒಣಗದೆ ಹಾಲಿನಲ್ಲೆಲ್ಲ ಹಗ್ಗ, ಹಗ್ಗದ ಮಧ್ಯೆ ವಿದ್ಯಾ ತಂಬೂರಿ ಆ್ಯಪ್ ಹಾಕಿಕೊಂಡು ಪ್ರಾಕ್ಟೀಸ್. ಮೊಮ್ಮಗಳು ಮಿಥು, ಆಗ ಎರಡನೇ ಕ್ಲಾಸು, ಒದ್ದೆ ಟವೆಲ್ಲಿನ ಕೆಳಗೆ ಕೂತು ಮರಿ ನೀರುನಾಯಿಯ ಪಾರ್ಟು ಮಾಡುತ್ತಿದ್ದಳು. ಅಳಿಯ ವಾರವೆಲ್ಲ ಜಿಗಣಿಯ ಫ್ಯಾಕ್ಟರಿಯ ಹತ್ತಿರವೇ ಇರುತ್ತಿದ್ದ, ಆದ್ದರಿಂದ ಮನೆ ನಮ್ಮ ಮೂವರದೇ.

ನನ್ನದೊಂದು ಕೆಟ್ಟ ಅಭ್ಯಾಸ ಇದೆ. ಯಾರು ಹಾಡಿದರೂ ತಿದ್ದುತ್ತೇನೆ. ದಾವಣಗೆರೆಯ ನಮ್ಮ ಮನೆಯಲ್ಲಿ ಬೆಳಗಾದರೆ ವಚನ. ಅಪ್ಪ ನನ್ನನ್ನು ಕರೆತಂದು ಸೇರಿಸಿದ್ದು ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗಿಗೆ. ಅಲ್ಲಿ ಚರ್ಚಿನ ಕ್ವಾಯರಿನಲ್ಲಿ, ಹಾಡುವ ಗುಂಪಿನಲ್ಲಿ, ಆಲ್ಟೋ ಅಂದರೆ ಹೆಂಗಸರ ಕೆಳದನಿಯ ಪಾಲು ಹಾಡುತ್ತಿದ್ದೆ. ಹಾಡು ಕಲಿಸುತ್ತಿದ್ದ ನಮ್ಮ ಸಿಸ್ಟರ್‌ಗೆ ಕಾಮಾ ಇಲ್ಲದ ಕಡೆ ಉಸಿರು ತೆಗೆದುಕೊಂಡರೆ ಅದು ಕನ್ಫೆಷನ್ನಿನಲ್ಲಿ ಹೇಳಿಕೊಳ್ಳಬೇಕಾದ ಪಾಪ. ಆ ತರಬೇತಿ ಮೈಯಲ್ಲಿ ಉಳಿದಿದೆ.

"ವಿದ್ಯಾ, ‘ನನ್ನ’ ಆದ್ಮೇಲೆ ಯಾಕೆ ಉಸಿರು ತಗೋತೀಯ? ಫ್ರೇಸ್ ಮುರಿದು ಹೋಗುತ್ತೆ. ನನ್ನ ಕೈಯ ಅಂತ ಒಟ್ಟಿಗೆ ಬರಬೇಕು."

ಅವಳು ತಿರುಗಿ ನೋಡಿ ನಕ್ಕಳು. "ಅದು ನಿನ್ನದೇ ಅಮ್ಮ."

"ನನ್ನದಾ?"

"ಜಾಲಹಳ್ಳಿ ಕ್ವಾರ್ಟರ್ಸಲ್ಲಿ ನನ್ನ ಮಲಗಿಸುವಾಗ ನಿಂಗೆ ವೀಸಿಂಗ್ ಇತ್ತಲ್ಲ. ಎರಡನೇ ಸಾಲು ಶುರು ಮಾಡಿ, ಮೊದಲನೇ ಮಾತು ಆದ್ಮೇಲೆ ಒಂಚೂರು ಗಾಳಿ ಎಳ್ಕೊಂಡು ಹಾಡ್ತಿದ್ದೆ. ಜೋಗುಳ ಅಂದ್ರೆ ಹಾಗೇ ಇರುತ್ತೆ ಅನ್ಕೊಂಡಿದ್ದೆ ನಾನು. ಬೊಂಬೆ ಮಲಗಿಸುವಾಗಲೂ ಹಾಗೇ ಎಳೀತಿದ್ದೆ. ಬೇರೆ ಹಾಡಲ್ಲೆಲ್ಲ ಸಂಗೀತದ ಮೇಷ್ಟ್ರು ಬೈದು ಬಿಡಿಸಿದ್ರು. ಜೋಗುಳದಲ್ಲಿ ಮಾತ್ರ ಹೋಗಲ್ಲ."

ನನಗೆ ಎಲ್ಲ ನೆನಪಾಯಿತು. ಫ್ಯಾಕ್ಟರಿ ಕ್ವಾರ್ಟರ್ಸಿನ ಆ ಡಿಸೆಂಬರ್ ಮಂಜು, ಸ್ಟೆನೋ ಕೆಲಸ ಮುಗಿಸಿ ಬಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದ್ದು, ಎದೆಯಲ್ಲಿ ಸಿಳ್ಳೆ ಹೊಡೆಯುತ್ತಿದ್ದ ಗಾಳಿ. ನಾನು ಅದನ್ನು ಕಾಯಿಲೆ ಅಂದುಕೊಂಡಿದ್ದೆ. ಮಗು ಅದನ್ನು ರಾಗ ಅಂದುಕೊಂಡಿತ್ತು. ಅವತ್ತಿನಿಂದ ಆ ಉಸಿರನ್ನು ತಿದ್ದಲಿಲ್ಲ.

ರೆಕಾರ್ಡಿಂಗ್ ಆಗಿ ಒಂದಷ್ಟು ದಿನಕ್ಕೆ ಸ್ಟುಡಿಯೋದ ಕಿರಣ್ ಫೋನ್ ಮಾಡಿದ. ಡಬ್ಬಿಂಗ್ ಹಾಡುಗಳ ಉಸ್ತುವಾರಿ ಅವನದು. ವಿದ್ಯಾ ಚಪಾತಿ ಲಟ್ಟಿಸುತ್ತಿದ್ದಳು, ಸ್ಪೀಕರಿಗೆ ಹಾಕಿದಳು. ನಾನೂ ಕೇಳಿದೆ, ಮಿಥುವೂ ಕೇಳಿದಳು.

"ಮೇಡಂ, ಕಂಗ್ರಾಟ್ಸ್! ಫಾರಿನ್ನೋರು ಜೋಗುಳ ಕೇಳಿ ಫುಲ್ ಫ್ಲ್ಯಾಟು. ಈ ಸಲ ಟ್ರ್ಯಾಕಲ್ಲ, ಫೈನಲ್ಲೇ ನಿಮ್ದು. ಆ ತಾಯಿ ಫೀಲ್ ಬೇರೆ ಯಾರ್ ಕೊಡಕ್ಕಾಗುತ್ತೆ ಹೇಳಿ?"

ವಿದ್ಯಾ ಲಟ್ಟಣಿಗೆ ಕೆಳಗಿಟ್ಟು, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕ್ಕಾಗುತ್ತಾ? ವಿದ್ಯಾ ತಾನೇ ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದಳು. ಎದುರು ಬ್ಲಾಕಿನ ಶಾರದಮ್ಮನಿಗೆ ಮಾತ್ರ ನಾನೇ ಖುದ್ದಾಗಿ ಹೋಗಿ ಹೇಳಿದೆ. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದೇ ಶಾರದಮ್ಮನ ಮನೆಯವರ ರಾಗಿ ಹೊಲದಲ್ಲಿ. ಈಗ ಅವರೂ ಇಲ್ಲೇ ಫ್ಲಾಟಿನಲ್ಲಿದ್ದಾರೆ, ಲಿಫ್ಟ್ ಕಂಡರೆ ಇನ್ನೂ ಬೈಯುತ್ತಾರೆ.

"ಸಿನಿಮಾದಾಗೆ ನಮ್ ವಿದ್ಯಾ ದನಿಯಾ? ಅಂಗಾದ್ರೆ ಫಸ್ಟ್ ದಿನಾನೇ ಓಗಾನ ಕಣ್ ಮೇಡಮ್ಮೋರೆ. ನಾನು ಸಿನಿಮಾ ನೋಡಿ ಎಷ್ಟ್ ಕಾಲ ಆಯ್ತೋ! ನಾಯಿ ಸಿನಿಮಾ ಆದ್ರೂ ಆಗ್ಲಿ."

"ನಾಯಿ ಅಲ್ಲ ಶಾರದಮ್ಮ, ನೀರುನಾಯಿ."

"ಯಾವ್ದೋ ಒಂದು. ಬಾಲ ಐತಲ್ಲ?"

ಹೋದೆವು. ಗಣೇಶನ ಹಬ್ಬ ಕಳೆದ ಮೇಲಿನ ಭಾನುವಾರ, ಹೈವೇ ಪಕ್ಕದ ಮಾಲಿನಲ್ಲಿ ಬೆಳಗಿನ ಆಟ. ಕನ್ನಡದ್ದು ಅದೊಂದೇ ಆಟ ಇಟ್ಟಿದ್ದರು. ಜನ ಹಲ್ಲುಜ್ಜುವ ಹೊತ್ತಿಗೆ ಕನ್ನಡ, ಆಮೇಲೆ ದಿನವಿಡೀ ಇಂಗ್ಲಿಷು, ಹಿಂದಿ. ಅಲ್ಲೇ ನನಗೆ ಮೊದಲನೇ ಸಿಟ್ಟು ಬಂದಿತ್ತು. ವಿದ್ಯಾ ಮೈಸೂರು ಸಿಲ್ಕ್ ಉಟ್ಟಿದ್ದಳು, ಕಾರ್ಟೂನ್ ನೋಡೋದಕ್ಕೆ! ಮಿಥು ಕ್ಲಾಸ್‌ಮೇಟ್ಸು, ಅವರ ಅಮ್ಮಂದಿರು, ಶಾರದಮ್ಮ, ಎಲ್ಲ ಸೇರಿ ಇಡೀ ಒಂದು ಸಾಲು ನಮ್ಮದೇ.

ಸಿನಿಮಾ ಶುರುವಾಯಿತು. ಮೈ ಗಾಡ್, ಆ ಸದ್ದು! ಮೊದಲನೇ ಹಾಡಿನಲ್ಲೇ ಮೀನು, ಏಡಿ, ಕಪ್ಪೆ ಎಲ್ಲ ಸೇರಿ ರ‍್ಯಾಪ್ ಮಾಡಿದವು. ಡ್ರಮ್ಮಿನ ಹೊಡೆತಕ್ಕೆ ಸೀಟು ಅದುರುತ್ತಿತ್ತು. ಕೋರಸ್ಸಿನವರು ಹಾಡಿನ ಮಾತು ಮರೆತವರ ಹಾಗೆ ಓ ಓ ಓ ಎಂದು ಕಿರುಚುತ್ತಿದ್ದರು. ಕನ್ನಡದ ಮಾತನ್ನು ಆ ಪ್ರಾಣಿಗಳ ತುಟಿಗೆ ಸರಿಹೊಂದಿಸಲು ಹೋಗಿ, ಬಾಯಿ ಮುಚ್ಚುವ ಕಡೆಯೆಲ್ಲ ‘ಮಾಮ’ ಎಂದು ತುರುಕಿದ್ದರು. ಆ ಏಡಿ ಪಾಪ ಕಾರಣವೇ ಇಲ್ಲದೆ ಯಾವುದೋ ಮಾಮನನ್ನು ಕರೆಯುತ್ತಲೇ ಇತ್ತು. ಮರಿ ಬಿದ್ದರೆ ಒಂದು ಝಣ್, ಎದ್ದರೆ ಇನ್ನೊಂದು ಝಣ್. ಯಾರಾದರೂ ಅಳುವ ಮುಂಚೆಯೇ ವಯೊಲಿನ್ನುಗಳು ಬಂದು ‘ಈಗ ಅಳಿ’ ಎಂದು ಆರ್ಡರ್ ಕೊಡುತ್ತಿದ್ದವು. ಮಕ್ಕಳ ಕಿವಿ ಅಂದರೆ ಇವರಿಗೆ ಏನು, ಡಸ್ಟ್‌ಬಿನ್ನಾ? ಒಂದು ನಿಮಿಷ ಸುಮ್ಮನೆ ಇದ್ದರೆ ಮಕ್ಕಳು ಎದ್ದು ಓಡಿಹೋಗುತ್ತಾರೆ ಅಂತ ಇವರಿಗೆ ಯಾರು ಹೇಳಿಕೊಟ್ಟರು? ನಾನು ಪಕ್ಕದಲ್ಲಿದ್ದ ವಿದ್ಯಾಗೆ ಇದನ್ನೆಲ್ಲ ಹೇಳುತ್ತಲೇ ಇದ್ದೆ. ಅವಳು ನನ್ನ ಮೊಣಕೈ ಒತ್ತಿದಳು. "ಶ್, ಈಗ ಬರುತ್ತೆ."

ನೆರೆ ಬಂತು. ಪರದೆಯೆಲ್ಲ ಕಪ್ಪು ನೀರು. ಆ ಜಾಗದಲ್ಲಿ ಮಾತ್ರ, ಹೇಳಲೇಬೇಕು, ಯಾರೋ ತಿಳಿದವರು ಕೆಲಸ ಮಾಡಿದ್ದರು. ಎಲ್ಲ ವಾದ್ಯ ನಿಲ್ಲಿಸಿ ಒಂದೇ ಒಂದು ಕೊಳಲು ಬಿಟ್ಟಿದ್ದರು. ಇಡೀ ಹಾಲಿನಲ್ಲಿ ಪಾಪ್‌ಕಾರ್ನ್ ಅಗಿಯುವ ಸದ್ದು ಕೂಡ ನಿಂತಿತು. ತಾಯಿ ನೀರುನಾಯಿ ಬಾಯಿ ತೆರೆಯಿತು. ನೀರ ಮೇಲೆ ಮಲಗು ಕಂದ.

ಅದು ವಿದ್ಯಾ ಅಲ್ಲ.

ದೊಡ್ಡ ದನಿ, ಒಳ್ಳೆಯ ದನಿಯೇ, ಎಣ್ಣೆ ಹಾಕಿ ಒರೆಸಿದ ಹಾಗೆ ನುಣುಪು. ಮುಂಬೈಯ ದೊಡ್ಡ ಗಾಯಕಿಯದು ಅಂತ ಆಮೇಲೆ ಗೊತ್ತಾಯಿತು. ಹೆಸರು ನಾನು ಬರೆಯುವುದಿಲ್ಲ, ತಪ್ಪು ಅವರದಲ್ಲ. ಕತ್ತಲಲ್ಲಿ ಮಿಥು ಜೋರಾಗಿ ಕೇಳಿದಳು: "ಅಜ್ಜಿ, ಇದು ಅಮ್ಮ ಅಲ್ಲ! ಅಮ್ಮ ಎಲ್ಲಿ?" ಸಾಲಿನ ಅಷ್ಟೂ ತಲೆಗಳು ನಮ್ಮ ಕಡೆ ತಿರುಗಿದವು.

ಅದನ್ನೂ ತಡೆದುಕೊಳ್ಳುತ್ತಿದ್ದೆನೋ ಏನೋ. ಎರಡನೇ ಸಾಲು ಬಂತು. ನನ್ನ, ಎಂದು ಹೇಳಿ ಆ ನುಣುಪಾದ ದನಿ ಚೂರೇ ಚೂರು ಗಾಳಿ ಎಳೆದುಕೊಂಡಿತು. ಆಮೇಲೆ, ಕೈಯ ಬಿಡಬೇಡ.

ನಾನು ಸೀಟಿನಲ್ಲಿ ನೆಟ್ಟಗಾದೆ. ಕನ್ನಡ ಬಾರದ ಆ ಹೆಣ್ಣುಮಗಳು ಟ್ರ್ಯಾಕ್ ಕೇಳಿಸಿಕೊಂಡು ಅಕ್ಷರ ಅಕ್ಷರ ಕಲಿತಿದ್ದಾಳೆ. ಆ ಉಸಿರೂ ಟ್ಯೂನಿನ ಭಾಗ ಅಂದುಕೊಂಡು ಅದನ್ನೂ ಕಲಿತಿದ್ದಾಳೆ. ನನ್ನ ಎದೆಯ ವೀಸಿಂಗು! ನಾನು ಜಾಲಹಳ್ಳಿಯ ಚಳಿಯಲ್ಲಿ ಎಳೆದ ಉಸಿರು, ನನ್ನ ಮಗಳ ದನಿಯಿಂದ ಕಿತ್ತು, ಯಾರದೋ ಗಂಟಲಲ್ಲಿ ಕೂರಿಸಿ, ಡಾಲ್ಬಿ ಸೌಂಡಿನಲ್ಲಿ ನನಗೇ ಕೇಳಿಸುತ್ತಿದ್ದರು. ದನಿ ಬೇಡವಾಗಿತ್ತು, ದನಿಯೊಳಗಿನದೆಲ್ಲ ಬೇಕಾಗಿತ್ತು. ಹೌ ಡೇರ್ ದೇ?

ಲೈಟ್ ಬಂತು. ಪರದೆಯ ಮೇಲೆ ಹೆಸರುಗಳು ಓಡುತ್ತಲೇ ಇದ್ದವು, ಊಟ ತಂದುಕೊಟ್ಟವರ ಹೆಸರೂ ಇತ್ತು, ವಿದ್ಯಾದು ಇರಲಿಲ್ಲ. ಮಿಥು ಗೆಳತಿಯರ ಅಮ್ಮಂದಿರು ಬ್ಯಾಗು ಹುಡುಕುವ ನೆಪದಲ್ಲಿ ಬಗ್ಗಿದ್ದರು. ಶಾರದಮ್ಮ ಒಬ್ಬರೇ ನೇರವಾಗಿ ಕೇಳಿದರು.

"ಇದೇನವ್ವಾ ಇಂಗಾಯ್ತು? ನಿನ್ ದನಿ ಎಲ್ ಓಯ್ತು?"

"ಬದಲಾಯಿಸಿದಾರೆ ಶಾರದಮ್ಮ" ಎಂದಳು ವಿದ್ಯಾ, ಸೆರಗು ಸರಿಮಾಡಿಕೊಳ್ಳುತ್ತಾ.

"ನಿನ್ನ ಒಂದ್ ಮಾತ್ ಕೇಳ್ದೆನೇ?"

"ಕೇಳಲ್ಲ. ಇಲ್ಲಿ ಹಂಗೇ."

ಮನೆಗೆ ಬಂದು ನಾನು ಇಂಗ್ಲಿಷಿನಲ್ಲಿ ಒಂದು ಕಾಗದ ಶುರುಮಾಡಿದೆ. ಡಿಯರ್ ಸರ್, ಐ ಆ್ಯಮ್ ಅಪಾಲ್ಡ್. ಅಷ್ಟು ವರ್ಷ ಮ್ಯಾನೇಜರುಗಳ ಸಿಟ್ಟನ್ನೆಲ್ಲ ಟೈಪ್ ಮಾಡಿದವಳು, ಸ್ವಂತದ್ದಕ್ಕೆ ಮಾತು ಹುಡುಕಬೇಕಾ? ವಿದ್ಯಾ ಬಂದು ಲ್ಯಾಪ್‌ಟಾಪ್ ಮುಚ್ಚಿದಳು. "ಬೇಡಮ್ಮ. ಇವಳ ಅಮ್ಮ ಗಲಾಟೆ ಮಾಡ್ತಾರೆ ಅಂತ ಹೆಸರು ಬಂದ್ರೆ ನನ್ನ ಯಾರೂ ಕರೆಯಲ್ಲ. ಹಾಡೋದೇ ನಿಂತುಹೋಗುತ್ತೆ. ಯಾರಿಗೂ ಏನೂ ಹೇಳಲ್ಲ ಅಂತ ಪ್ರಾಮಿಸ್ ಮಾಡು." ಮಾಡಿದೆ. ಗಂಟಲಲ್ಲಿ ಮುಳ್ಳು ಇಟ್ಟುಕೊಂಡ ಹಾಗೆ ಆ ಪ್ರಾಮಿಸ್ ಇಟ್ಟುಕೊಂಡೆ. ಕಿರಣ್‌ಗೆ ಅವಳೇ ಒಂದು ಸಲ ಫೋನ್ ಮಾಡಿ ಕೇಳಿದಳು. "ಮೇಡಂ, ಮೇಲಿನವರ ಡಿಸಿಷನ್ನು, ಮಾರ್ಕೆಟಿಂಗ್ ಇಶ್ಯೂ" ಅಂದನಂತೆ.

ಆ ಹಾಡು ಊರು ತುಂಬಾ ಹರಡಿತು. ಆಟೋದಲ್ಲಿ, ಲಿಫ್ಟಿನಲ್ಲಿ, ಎಲ್ಲರ ಫೋನಿನಲ್ಲಿ. ಪ್ರತಿ ಸಲ ‘ನನ್ನ’ ಎಂಬಲ್ಲಿ ನಾನು ಹಲ್ಲು ಕಚ್ಚುತ್ತಿದ್ದೆ.

ನವೆಂಬರ್ ಬಂತು, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ರಾಜ್ಯೋತ್ಸವ. ಕೆಂಪು ಹಳದಿ ಪೇಪರ್ ಮಾಲೆ, ಕಾರುಗಳನ್ನೆಲ್ಲ ಹೊರಗೆ ಕಳಿಸಿ ಕುರ್ಚಿ. ಮಕ್ಕಳೆಲ್ಲ ಆ ಜೋಗುಳವೇ ಬೇಕೆಂದು ಹಟ. ಅಸೋಸಿಯೇಷನ್ ಸೆಕ್ರೆಟರಿ ವಿದ್ಯಾಳನ್ನು ವೇದಿಕೆಗೆ ಕರೆದರು. ಸಿನಿಮಾಗೆ ಬಂದಿದ್ದ ಅಮ್ಮಂದಿರು ಮುಖ ಮುಖ ನೋಡಿಕೊಂಡರು. ಅವಳು ಹೋಗಲಾರಳು ಅಂದುಕೊಂಡೆ. ಹೋದಳು. ಕೊಳಲಿಲ್ಲ, ತಬಲಾ ಇಲ್ಲ, ಮೇಲೆ ಟ್ಯೂಬ್‌ಲೈಟಿನ ಗುಂಯ್ ಒಂದೇ ಶ್ರುತಿ. ಹಾಡಿದಳು, ಪೂರ್ತಿ, ಉಸಿರು ಸಮೇತ. ಸಿಮೆಂಟ್ ಗೋಡೆಗಳಿಗೆ ಆ ದನಿ ತಾಗಿ ವಾಪಸ್ ಬರುವಾಗ ಅಷ್ಟು ದೊಡ್ಡ ಬೇಸ್‌ಮೆಂಟು ತೊಟ್ಟಿಲಿನ ಹಾಗಾಗಿತ್ತು. ಶಾರದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಚಪ್ಪಾಳೆ. ಸೆಕ್ರೆಟರಿ ಮೈಕ್ ತಗೊಂಡರು.

"ಸಕ್ಕತ್ ಮೇಡಂ! ಸೇಮ್ ಟು ಸೇಮ್! ಕಣ್ಮುಚ್ಕೊಂಡ್ರೆ ಸಿನಿಮಾನೇ. ಮಧ್ಯದಲ್ಲಿ ಅವರು ಹಂಗೊಂದು ಉಸಿರು ಎಳೀತಾರಲ್ಲ, ಅದನ್ನೂ ಬಿಡದೆ ಕಾಪಿ ಹೊಡೆದಿದೀರಲ್ಲ, ಏನ್ ಅಬ್ಸರ್ವೇಷನ್ ಕಣ್ರೀ!"

ನಾನು ಎದ್ದು ನಿಂತೆ. ಬಾಯಿ ತೆರೆದಿದ್ದೆ ಕೂಡ. ವೇದಿಕೆಯ ಮೇಲಿಂದ ವಿದ್ಯಾ ನನ್ನನ್ನು ಒಂದು ನೋಟ ನೋಡಿದಳು. ಕೂತೆ. ಪಕ್ಕದ ಶಾರದಮ್ಮ ನನ್ನ ಕೈ ಹಿಡಿದು, "ಬುಡಿ ಮೇಡಮ್ಮೋರೆ, ಬಿಪಿ ಏರ್ತದೆ" ಅಂದರು. ಬಿಪಿ ಏರಿಯಾಗಿತ್ತು.

ಮನೆಗೆ ಬಂದ ಮೇಲೆ ವಿದ್ಯಾ ಸೀರೆ ಮಡಿಸುತ್ತಾ ಕೇಳಿದಳು: "ಅಮ್ಮ, ಕಾಪಿ ಚೆನ್ನಾಗಿತ್ತಾ?" ನಕ್ಕಳು. ನಗು ಮುಗಿಯುವ ಮುಂಚೆಯೇ ಅವಳ ಮುಖ ಬದಲಾಯಿತು. ಸೀರೆಯನ್ನು ಹಾಸಿಗೆಯ ಮೇಲೆ ಹಾಗೇ ಬಿಟ್ಟು ಬಾಲ್ಕನಿಗೆ ಹೋದಳು. ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡವಳಿಗೆ ಆ ಒಂದು ಹೊಗಳಿಕೆ ನುಂಗಲಾಗಲಿಲ್ಲ.

ಡಿಸೆಂಬರಿನಲ್ಲಿ ಕಿರಣ್ ಮತ್ತೆ ಫೋನ್ ಮಾಡಿದ. ಸಿನಿಮಾ ಗೆದ್ದಿದೆ, ಎರಡನೇ ಭಾಗ ಬರುತ್ತಿದೆ, ಅದೇ ತಾಯಿ ನೀರುನಾಯಿ, ಹಾಡುಗಳು ಜಾಸ್ತಿ, ಟ್ರ್ಯಾಕ್ ಬೇಕು. ವಿದ್ಯಾ ಒಪ್ಪಿಕೊಂಡಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು. "ನಾನೂ ಬರ್ತೀನಿ" ಅಂದೆ. ಬೇಡ ಅನ್ನಲಿಲ್ಲ. ಆ ಸ್ಟುಡಿಯೋಗೆ ನಾವು ಹೋದದ್ದು ಅದೇ ಕೊನೆ. ಆಮೇಲೆ ಅವರು ಅವಳನ್ನು ಕರೆದಿಲ್ಲ.

ಸ್ಟುಡಿಯೋ ಇದ್ದದ್ದು ಪೀಣ್ಯದಲ್ಲಿ, ಒಂದು ಪ್ರೆಸ್ ವರ್ಕ್‌ಶಾಪಿನ ಮೇಲಿನ ಮಹಡಿ. ಕೆಳಗೆ ತಗಡು ಕತ್ತರಿಸುವ ಯಂತ್ರ ದಬ್ ದಬ್ ಎಂದರೆ ಗೋಡೆಗೆ ಎಷ್ಟು ಸ್ಪಂಜು ಬಡಿದಿದ್ದರೂ ನೆಲ ಅದುರುತ್ತದೆ. ಅದಕ್ಕೇ ಮೆಲುದನಿಯ ಹಾಡುಗಳನ್ನೆಲ್ಲ ಕಾರ್ಮಿಕರ ಊಟದ ಹೊತ್ತಿನಲ್ಲಿ ಮುಗಿಸಬೇಕು. ಕೆಳಗೆ ಡಬ್ಬಿ ಬಿಚ್ಚಿದರೆ ಮೇಲೆ ಮೈಕ್ ಆನ್. ನಾನು ಕಿರಣ್‌ನ ಹಿಂದಿನ ಸೋಫಾದಲ್ಲಿ ಕೂತೆ. ಸಭ್ಯ ಹುಡುಗ, ನನಗೆ ಕಾಫಿ ತರಿಸಿದ. ಗಾಜಿನ ಆಚೆ ಹೋಗುವ ಮುಂಚೆ ವಿದ್ಯಾ ಅವನ ಟೇಬಲ್ ಹತ್ತಿರ ನಿಂತಳು.

"ಕಿರಣ್, ಕೊನೇಲಿ ಹೆಸರು ಬರುತ್ತಲ್ಲ, ಅದರಲ್ಲಿ ನನ್ನ ಹೆಸರೂ ಇರಬೇಕು. ಆ ಮುಂಬೈ ಸಿಂಗರ್ ಹೆಸರಿನ ಕೆಳಗೇ ಆಗ್ಲಿ, ಪುಟ್ಟದಾಗೇ ಆಗ್ಲಿ."

ಕಿರಣ್‌ಗೆ ನಿಜವಾಗಿಯೂ ಆಶ್ಚರ್ಯ ಆಯಿತು. "ಏನ್ ಮೇಡಂ ನೀವು, ಇಷ್ಟ್ ಸೀನಿಯರ್ ಆಗಿ. ಟ್ರ್ಯಾಕಿಗೆ ಯಾರು ಹೆಸ್ರು ಹಾಕ್ತಾರೆ? ಟ್ರ್ಯಾಕ್ ಅಂದ್ರೆ ಟ್ರ್ಯಾಕು."

"ಸರಿ" ಎಂದು ಒಳಗೆ ಹೋದಳು.

ಹೊಸ ಜೋಗುಳ. ಕೆಳಗೆ ಯಂತ್ರ ನಿಂತಿತ್ತು. ವಿದ್ಯಾ ಹೆಡ್‌ಫೋನ್ ಹಾಕಿಕೊಂಡು ಹಾಡತೊಡಗಿದಳು, ನಾನು ಕಾಫಿ ಲೋಟ ಕೆಳಗಿಟ್ಟೆ. ಇವಳಿಗೆ ಏನಾಯಿತು? ಸ್ವರ ಎಲ್ಲ ಸರಿ. ತಾಳ ಸರಿ. ಒಂದೊಂದು ಅಕ್ಷರವೂ ಸ್ಪಷ್ಟ. ಆದರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಹಾಡುತ್ತಿದ್ದಳು. ಒಂದು ಬಾಗು ಇಲ್ಲ, ಒಂದು ನಡುಕ ಇಲ್ಲ, ಮಾತಿಗೂ ಮಾತಿಗೂ ಮಧ್ಯೆ ಎಲ್ಲೂ ಯಾರೂ ಉಸಿರಾಡುತ್ತಿರಲಿಲ್ಲ. ಟ್ರೈನ್ ಬರುವ ಮೊದಲು ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುತ್ತಾರಲ್ಲ, ಹಾಗೆ. ಗಂಟಲು ಕೆಟ್ಟಿದೆಯೋ, ಭಯವೋ ಎಂದು ನಾನು ಅರ್ಧ ಎದ್ದೆ. ಗಾಜಿನ ಆಚೆಯಿಂದ ಅವಳು ನನ್ನನ್ನು ನೋಡಿದಳು, ಶಾಂತವಾಗಿ. ಆಗ ನನಗೆ ಅರ್ಥವಾಯಿತು. ಕೂತುಕೊಂಡೆ.

"ಪಿಚ್ ಎಲ್ಲ ಪರ್ಫೆಕ್ಟ್ ಮೇಡಂ" ಎಂದ ಕಿರಣ್, ಕತ್ತು ತುರಿಸಿಕೊಳ್ಳುತ್ತಾ. "ಆದ್ರೆ ಸ್ವಲ್ಪ ಆ ತಾಯಿ ಫೀಲ್ ಬರ್ಲಿ. ಹೋದ್ ಸಲ ಕೊಟ್ರಲ್ಲ, ಅದು."

"ಹೋದ ಸಲ ಅವರು ತಾನೇ ಹಾಡಿದ್ದು ಕಿರಣ್? ಫೀಲ್ ಅವರೇ ಹಾಕ್ಕೊತಾರೆ. ನನ್ನದು ಟ್ರ್ಯಾಕು."

ಅವನು ಇನ್ನೊಂದು ಟೇಕ್ ತಗೊಂಡ. ಮತ್ತೊಂದು. ಪ್ರತಿ ಟೇಕೂ ಹಿಂದಿನದರ ಅಚ್ಚು. ಕೊನೆಗೆ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದ.

"ಅಮ್ಮ, ನೀವು ಕಾನ್ವೆಂಟಲ್ಲಿ ಮ್ಯೂಸಿಕ್ ಕಲ್ತೋರಂತಲ್ಲ, ಮೇಡಂ ಹೇಳಿದ್ರು. ನೀವೇ ಹೇಳಿ, ಏನೋ ಮಿಸ್ ಆಗ್ತಿದೆ ಅಲ್ವಾ?"

ಜೀವನದಲ್ಲಿ ಒಂದು ಕೆಟ್ಟ ಹಾಡನ್ನೂ ತಿದ್ದದೆ ಬಿಟ್ಟವಳಲ್ಲ ನಾನು. ಪರರ ಮನೆಯ ಮಂಗಳಾರತಿಯನ್ನೂ ತಿದ್ದಿದ್ದೇನೆ. ಸಿಸ್ಟರ್ ಬದುಕಿದ್ದು ಆ ಹಾಡು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

"ನನಗೇನೂ ಮಿಸ್ ಆದ ಹಾಗೆ ಕಾಣ್ಲಿಲ್ಲಪ್ಪ" ಎಂದೆ. "ಎಲ್ಲಾ ನೋಟೂ ಅದರದರ ಜಾಗದಲ್ಲೇ ಇದೆ. ವೆರಿ ಕರೆಕ್ಟ್."

ಕಿರಣ್ ನನ್ನನ್ನೂ ಗಾಜನ್ನೂ ನೋಡಿದ. ಕಾರ್ಮಿಕರ ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. "ಮುಂದಿನ ಸಾಂಗ್ ಹೋಗೋಣ ಮೇಡಂ" ಎಂದ.

ವಿದ್ಯಾ ಹಾಳೆ ತಿರುಗಿಸಿ, ಮತ್ತೆ ನೆಟ್ಟಗೆ ಗೆರೆ ಎಳೆಯತೊಡಗಿದಳು. ನಾನು ಸೋಫಾದ ತುದಿಯಲ್ಲಿ ಬೆನ್ನು ಸೆಟೆದು ಕೂತು, ಅವನಿಗೆ ಕಾಣುವ ಹಾಗೆ, ಹಾಡು ಮುಗಿಯುವ ತನಕ ತಲೆದೂಗಿದೆ.